ತೋಟದಲ್ಲಿ ನಾಗರಹಾವು ಕಚ್ಚಿದ್ರೆ ಕಟ್ಬೇಡಿ, ಕುಯ್ಬೇಡಿ: ಯಾಕೆ, ಮತ್ತೆ ಏನ್ ಮಾಡ್ಬೇಕು

ಕಾಫಿ ಕುಯ್ಲು ಶುರುವಾದ್ರೆ ಲೈನ್ ಮನೆಯಲ್ಲಿರೋ ತೋಟದ ಕೆಲಸದವರಿಗೆಲ್ಲ ನಾನು ಇದನ್ನ ಹೇಳ್ತಾನೇ ಇರ್ತೀನಿ. ಯಾಕೆ ಅಂತ ಕೇಳಿದವರಿಗೆ ಒಂದು ಕಾಫಿ ಹಣ್ಣು ಹಿಚುಕಿ ತೋರಿಸ್ತೀನಿ, ಸಿಪ್ಪೆ ಒಡೆದ ತಕ್ಷಣ ಬೀಜ ಲೋಳೆ ಸಮೇತ ಜಾರಿ ಆಚೆ ಬರುತ್ತಲ್ಲ, ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಅಂಥದ್ದೇ ಒಂದು ಸಿಪ್ಪೆ ಇದೆ, ಆದ್ರೆ ಅದು ಎರಡು ಪದರ ಕೊಬ್ಬಿನ ತೀರಾ ತೆಳು ಪೊರೆ.

ನಾಗರಹಾವಿನ ವಿಷದಲ್ಲಿ ಸೈಟೋಟಾಕ್ಸಿನ್ ಅಂತ ಪುಟ್ಟ ಪ್ರೋಟೀನ್ ಇದೆ, ಸುಮಾರು 60 ಅಮೈನೋ ಆಮ್ಲ ಅಷ್ಟೇ, ಮೂರು ಬೆರಳು ಚಾಚಿದ ಹಂಗಿರುತ್ತೆ. ಅದರ ಪಾಸಿಟಿವ್ ಚಾರ್ಜಿಗೆ ಪೊರೆಯಲ್ಲಿರೋ ನೆಗೆಟಿವ್ ಕೊಬ್ಬು ಸಿಕ್ಕಿದ್ರೆ ಗಟ್ಟಿಯಾಗಿ ಅಂಟಿಕೊಳ್ಳುತ್ತೆ, ಆಮೇಲೆ ಬೆರಳ ತುದಿ ಕೊಬ್ಬಿನೊಳಗೆ ತೂರುತ್ತೆ. ಜೊತೆಗೆ ಫಾಸ್ಫೋಲಿಪೇಸ್ ಎ2 ಅನ್ನೋ ಕಿಣ್ವ ಬೇರೆ, ಅದು ಪ್ರತಿ ಕೊಬ್ಬಿನ ಅಣುವಿನ ಎರಡು ಬಾಲದಲ್ಲಿ ಒಂದನ್ನ ಕತ್ತರಿಸಿ ಹಾಕುತ್ತೆ, ಉಳಿದ ತುಂಡು ಸೋಪಿನ ಥರ ಕೆಲಸ ಮಾಡಿ ಪೊರೆನ ಇನ್ನೂ ಸಡಿಲ ಮಾಡುತ್ತೆ. ಪೊರೆ ಹರಿದು ಕ್ಯಾಲ್ಸಿಯಂ ಒಳಗೆ ನುಗ್ಗಿ ಕೋಶ ಸಾಯುತ್ತೆ. ಕಚ್ಚಿದ ಜಾಗ ಊದಿ, ಬೊಬ್ಬೆ ಎದ್ದು, ಕಪ್ಪಾಗಿ ಕೊಳೆಯೋದು ಇದರಿಂದಾನೇ.

ಈಗ ಗೋಣಿ ದಾರ ಬಿಗಿದ್ರೆ ಏನಾಗುತ್ತೆ ಯೋಚಿಸಿ. ಇಷ್ಟೂ ವಿಷ ಒಂದೇ ಕಡೆ ನಿಂತು ಅಲ್ಲೇ ಪೊರೆ ಹರೀತಾ ಇರುತ್ತೆ, ಮೇಲಿಂದ ರಕ್ತವೂ ಬರಲ್ಲ. ಒಬ್ಬರ ಪಾದ ನಾನೇ ನೋಡಿದ್ದೀನಿ, ದಾರದ ಗುರುತಿನ ಕೆಳಗೆಲ್ಲ ಬದನೆಕಾಯಿ ಬಣ್ಣ. ಬ್ಲೇಡಲ್ಲಿ ಕುಯ್ದ್ರೂ ವಿಷ ಆಚೆ ಬರಲ್ಲ, ಗಾಯ ದೊಡ್ಡದಾಗುತ್ತೆ ಅಷ್ಟೇ. ಯಾರಾದ್ರೂ ಮೊದಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ರೆ ದಾರಿಯಲ್ಲಿ ಬಿಚ್ಬೇಡಿ, ಡಾಕ್ಟರ್ ಮುಂದೇನೇ ಬಿಚ್ಚಲಿ.

ಮಾಡ್ಬೇಕಾಗಿದ್ದು ಕಮ್ಮಿ. ಕಾಲುಂಗುರ, ಉಂಗುರ, ಬಳೆ ತಕ್ಷಣ ತೆಗೀರಿ, ಊದಿದ ಮೇಲೆ ಬರಲ್ಲ. ನಡೆಸ್ಬೇಡಿ, ಕೈಕಾಲು ಅಲ್ಲಾಡದ ಹಂಗೆ ಕೋಲಿಟ್ಟು ಸಡಿಲವಾಗಿ ಸುತ್ತಿ, 108ಕ್ಕೆ ಫೋನ್ ಮಾಡಿ ಇಲ್ಲಾ ತೋಟದ ಜೀಪಲ್ಲೇ ಹೊರಡಿ, ಹೋಗೋ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಆಂಟಿವೆನಮ್, ಅಂದ್ರೆ ಹಾವಿನ ವಿಷಕ್ಕೆ ಕೊಡೋ ಮದ್ದು, ಇದೆಯಾ ಕೇಳಿ. ನಾಟಿ ಮದ್ದಿಗೆ ಅರ್ಧ ಗಂಟೆ ಕಳೆದ್ರೆ ಆ ಅರ್ಧ ಗಂಟೇಲಿ ಸತ್ತ ಮಾಂಸಕ್ಕೆ ಆಂಟಿವೆನಮ್ ಜೀವ ಕೊಡಲ್ಲ, ಇನ್ನೂ ಓಡಾಡ್ತಿರೋ ವಿಷವನ್ನ ಮಾತ್ರ ಅದು ಹಿಡಿಯುತ್ತೆ.

ದಾರಿಯಲ್ಲಿ ಕಣ್ಣು ನೋಡ್ತಾ ಇರಿ. ಇದೇ ವಿಷದಲ್ಲಿರೋ ನ್ಯೂರೋಟಾಕ್ಸಿನ್ ಪೊರೆ ಹರಿಯಲ್ಲ, ನರದಿಂದ ಸ್ನಾಯುವಿಗೆ ಸಿಗ್ನಲ್ ಹೋಗೋ ಜಾಗದಲ್ಲಿ ಕೂತ್ಬಿಡುತ್ತೆ, ಮೊದಲು ರೆಪ್ಪೆ ಜೋತು ಬೀಳುತ್ತೆ, ಮಾತು ತೊದಲುತ್ತೆ, ಆಮೇಲೆ ಉಸಿರು. ಉಸಿರು ನಿಂತ್ರೆ ಬಾಯಿಗೆ ಬಾಯಿಟ್ಟು ಊದ್ತಾನೇ ಹೋಗಿ, ಕೈ ಬಿಡ್ಬೇಡಿ.

ಇನ್ನೊಂದು, ನಮ್ಮ ಕೊಡಗಲ್ಲಿ ಕಾಳಿಂಗ ಸರ್ಪನೂ ಇದೆ, ಇಲ್ಲಿ ಮಾಮೂಲಾಗಿ ಸಿಗೋ ಆಂಟಿವೆನಮ್ ಅದರ ವಿಷಕ್ಕೆ ಅಂತ ಮಾಡಿದ್ದಲ್ಲ. ಹಾವನ್ನ ಹೊಡೆಯೋಕೆ ಹೋಗ್ಬೇಡಿ, ದೂರದಿಂದ ಫೋಟೋ ಸಿಕ್ಕಿದ್ರೆ ತಗೊಂಡು ಡಾಕ್ಟರಿಗೆ ತೋರ್ಸಿ. ಊತ ಎಲ್ಲಿವರೆಗೆ ಬಂದಿದೆ ಅಂತ ಪೆನ್ನಲ್ಲಿ ಚರ್ಮದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಟೈಮ್ ಬರೀರಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಗೆರೆ.