ಅರ್ಧಕ್ಕೆ ನಿಂತ ಆಪ್ಟ್: ಉಬುಂಟು ರಿಪೇರಿಯ ಕ್ರಮ

ಮಳೆಗಾಲ ಶುರುವಾಯಿತೆಂದರೆ ನನಗೆ ಬರುವ ಫೋನುಗಳೆಲ್ಲ ಒಂದೇ ಥರದವು. "ಸಾರ್, ಉಬುಂಟುನಲ್ಲಿ ಏನೂ ಇನ್‌ಸ್ಟಾಲ್ ಆಗ್ತಾ ಇಲ್ಲ." ಉಬುಂಟು ಎಂದರೆ ವಿಂಡೋಸ್ ಥರದ್ದೇ ಒಂದು ಓಎಸ್, ಲಿನಕ್ಸ್ ಜಾತಿಯದು. ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟ್ ಹೋಗಿರುತ್ತದೆ, ಯುಪಿಎಸ್ ಬ್ಯಾಟರಿ ಯಾವತ್ತೋ ಸತ್ತಿರುತ್ತದೆ. ಶಾಲೆಯ ಲ್ಯಾಬು, ಸೊಸೈಟಿ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವ ನನಗೆ ಅರ್ಧ ರಿಪೇರಿ ಫೋನಿನಲ್ಲೇ ಮುಗಿಯಬೇಕು. ಹಾಗಾಗಿ ಇಲ್ಲೂ ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆಯೇ ಬರೆದಿದ್ದೇನೆ. ಟರ್ಮಿನಲ್ ಎಂಬ ಕಮಾಂಡ್ ಕಿಟಕಿಯಲ್ಲಿ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ, ಡ್ಯಾಶ್ ಇದ್ದಷ್ಟೇ ಹಾಕಿ.

ಕೆಲಸ ಮಾಡುವವರು ಇಬ್ಬರು ಅನ್ನುವುದು ಮೊದಲು ತಲೆಯಲ್ಲಿರಲಿ. ಆಪ್ಟ್ ಮೇಲಿನವನು: ಯಾವ ಪ್ಯಾಕೇಜಿಗೆ (ಇನ್‌ಸ್ಟಾಲ್ ಮಾಡುವ ಸಾಫ್ಟ್‌ವೇರ್ ಕಟ್ಟಿಗೆ) ಇನ್ಯಾವುದು ಬೇಕು ಎಂದು ಲೆಕ್ಕ ಹಾಕಿ ನೆಟ್‌ನಿಂದ ಇಳಿಸಿಕೊಳ್ಳುತ್ತಾನೆ. ಡಿಪಿಕೆಜಿ ಕೆಳಗಿನವನು: ಫೈಲುಗಳನ್ನು ಬಿಚ್ಚಿ ಜಾಗಕ್ಕೆ ಇಡುತ್ತಾನೆ, ಆಮೇಲೆ ಕಾನ್ಫಿಗರ್ ಮಾಡುತ್ತಾನೆ. ಬಿಚ್ಚುವುದಕ್ಕೂ ಕಾನ್ಫಿಗರ್‌ಗೂ ನಡುವೆ ಕರೆಂಟ್ ಹೋದರೆ ಪ್ಯಾಕೇಜು ತ್ರಿಶಂಕು. ಆಗ 'ಡಿಪಿಕೆಜಿ ವಾಸ್ ಇಂಟರಪ್ಟೆಡ್' ಎನ್ನುವ ಸಂದೇಶ ಬರುತ್ತದೆ, ಮದ್ದೂ ಅದರಲ್ಲೇ ಇರುತ್ತದೆ. ಕೆಳಗಿನ ಮೊದಲ ಸಾಲು ಅದೇ, ಎರಡನೆಯದನ್ನು ಅದರ ಬೆನ್ನಿಗೇ ಕೊಡಿ (ಸುಡೊ ಎಂದರೆ ಅಡ್ಮಿನ್ ಅಧಿಕಾರದಲ್ಲಿ ಓಡಿಸು ಎಂದು):

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಬಹಳಷ್ಟು ಸಲ ಇಷ್ಟಕ್ಕೇ ಸರಿಹೋಗುತ್ತದೆ. ಹೋಗದಿದ್ದರೆ ಪರದೆಯ ಕೊನೆಯ ಸಾಲನ್ನು ನನಗೆ ಓದಿ ಹೇಳಬೇಡಿ. 'ಸಬ್‌ಪ್ರೊಸೆಸ್ ಡಿಪಿಕೆಜಿ ರಿಟರ್ನ್ಡ್ ಆ್ಯನ್ ಎರರ್ ಕೋಡ್ 1' ಎಂಬ ಆ ಸಾಲು ಎಲ್ಲ ಕಾಯಿಲೆಗೂ ಬರುತ್ತದೆ. ಮೇಲಕ್ಕೆ ಸರಿಸಿ ಮೊದಲ ದೂರು ಎಲ್ಲಿದೆ ಹುಡುಕಿ.

ಒಂದೇ ಹೊತ್ತಿಗೆ ಎರಡು ಪ್ರೋಗ್ರಾಮುಗಳು ಪ್ಯಾಕೇಜುಗಳನ್ನು ಮುಟ್ಟದಂತೆ ಒಂದು ಬೀಗ ಇರುತ್ತದೆ, ಅದೇ ಲಾಕ್. 'ಕುಡ್ ನಾಟ್ ಗೆಟ್ ಲಾಕ್' ಎಂದು ಬಂದರೆ ಲಾಕ್ ಫೈಲನ್ನು ಅಳಿಸಿಬಿಡಿ ಎನ್ನುವವರು ಊರು ತುಂಬ ಇದ್ದಾರೆ. ಅವರ ಮಾತು ಕೇಳಬೇಡಿ. ಆ ಫೈಲು ಯಾವಾಗಲೂ ಅಲ್ಲೇ ಇರುತ್ತದೆ. ಅದು ಇದ್ದ ಮಾತ್ರಕ್ಕೆ ಬೀಗ ಬಿದ್ದಿದೆ ಎಂದಲ್ಲ. ಓಡುತ್ತಿರುವ ಪ್ರೋಗ್ರಾಮಿನ ಹೆಸರಿನಲ್ಲಿ ಬೀಗದ ಲೆಕ್ಕ ಇಟ್ಟುಕೊಂಡಿರುವುದು ಕರ್ನೆಲ್, ಅಂದರೆ ಓಎಸ್‌ನ ತಿರುಳು. ಫೈಲು ಅಳಿಸಿದರೆ ಮೊದಲಿನವನು ಕೆಲಸ ನಿಲ್ಲಿಸುವುದಿಲ್ಲ, ಎರಡನೆಯವನೂ ಒಳಗೆ ನುಗ್ಗುತ್ತಾನೆ, ಅಷ್ಟೆ. ಸಂದೇಶದಲ್ಲೇ ಪ್ರೊಸೆಸ್ ನಂಬರೂ ಹೆಸರೂ ಇರುತ್ತವೆ. 'ಅನ್‌ಅಟೆಂಡೆಡ್' ಎಂದಿದ್ದರೆ ಉಬುಂಟು ತಾನಾಗಿಯೇ ಸೆಕ್ಯುರಿಟಿ ಅಪ್‌ಡೇಟ್ ಹಾಕಿಕೊಳ್ಳುತ್ತಿದೆ. ಕಾಫಿ ಕುಡಿದು ಬನ್ನಿ.

'ನೋ ಸ್ಪೇಸ್ ಲೆಫ್ಟ್' ಎಂದಿದ್ದರೆ ಡಿಎಫ್ -ಎಚ್ ಕೊಟ್ಟು ಯಾವ ಪಾರ್ಟಿಷನ್ (ಡಿಸ್ಕಿನ ಭಾಗ) ತುಂಬಿದೆ ನೋಡಿ. / ಎಂದು ತೋರಿಸುವ ರೂಟ್ ತುಂಬಿದ್ದರೆ 'ಸುಡೊ ಆಪ್ಟ್ ಕ್ಲೀನ್' ಸ್ವಲ್ಪ ಜಾಗ ಬಿಡಿಸುತ್ತದೆ. /ಬೂಟ್ ಬೇರೆ ಪಾರ್ಟಿಷನ್ ಆಗಿದ್ದು ಅದು ತುಂಬಿದ್ದರೆ ಹಳೆಯ ಕರ್ನೆಲ್‌ಗಳು ಕೂತಿರುತ್ತವೆ. 'ಯೂನೇಮ್ -ಆರ್' ತೋರಿಸುವ ಕರ್ನೆಲ್ ಈಗ ಓಡುತ್ತಿರುವುದು. ಅದನ್ನು ಮುಟ್ಟದೆ, ಬೇರೆ ಹಳೆಯದೊಂದನ್ನು ಡಿಪಿಕೆಜಿ --ಪರ್ಜ್ ಕೊಟ್ಟು ತೆಗೆಯಿರಿ.

ಇನ್ನು ನಿಜವಾದ ತಲೆನೋವು. ಕರೆಂಟ್ ಹೋದ ಹೊಡೆತಕ್ಕೆ ಡಿಪಿಕೆಜಿಯ ಲೆಕ್ಕದ ಪುಸ್ತಕವೇ ಕೆಡುವುದುಂಟು. ಯಾವ ಪ್ಯಾಕೇಜು ಯಾವ ಸ್ಥಿತಿಯಲ್ಲಿದೆ ಎಂಬುದೆಲ್ಲ /ವಾರ್/ಲಿಬ್/ಡಿಪಿಕೆಜಿ/ಸ್ಟೇಟಸ್ ಎಂಬ ಒಂದೇ ಟೆಕ್ಸ್ಟ್ ಫೈಲಿನಲ್ಲಿರುತ್ತದೆ. 'ಪಾರ್ಸಿಂಗ್ ಫೈಲ್' ಎಂದು ಅದರ ಹೆಸರೂ ಸಾಲಿನ ನಂಬರೂ ಬಂದರೆ ಗಾಬರಿಯಾಗಿ ಹೊಸದಾಗಿ ಓಎಸ್ ಹಾಕಬೇಡಿ. ಪಕ್ಕದಲ್ಲೇ ಸ್ಟೇಟಸ್-ಓಲ್ಡ್ ಎಂಬ ಹಿಂದಿನ ಪ್ರತಿ ಇದೆ. ಅದೂ ಕೆಟ್ಟಿದ್ದರೆ /ವಾರ್/ಬ್ಯಾಕಪ್ಸ್ ಒಳಗೆ ಡಿಪಿಕೆಜಿ.ಸ್ಟೇಟಸ್.0 ಇರುತ್ತದೆ. ಕೆಟ್ಟ ಫೈಲಿಗೆ ಬೇರೆ ಹೆಸರಿಟ್ಟು ಪಕ್ಕಕ್ಕಿಡಿ, ಒಳ್ಳೆಯ ಪ್ರತಿಯನ್ನು ಸುಡೊ ಸಿಪಿ ಕೊಟ್ಟು ಅದರ ಜಾಗಕ್ಕೆ ತನ್ನಿ. ಆ ಪ್ರತಿಯ ನಂತರ ಹಾಕಿದ ಪ್ಯಾಕೇಜುಗಳು ಲೆಕ್ಕದಲ್ಲಿ ಇರುವುದಿಲ್ಲ. ಅವನ್ನು /ವಾರ್/ಲಾಗ್/ಡಿಪಿಕೆಜಿ.ಲಾಗ್‌ನಲ್ಲಿ ತಾರೀಖು ನೋಡಿ ಪಟ್ಟಿ ಮಾಡಿ, 'ಆಪ್ಟ್ ಇನ್‌ಸ್ಟಾಲ್ --ರೀಇನ್‌ಸ್ಟಾಲ್' ಮುಂದೆ ಹೆಸರು ಕೊಟ್ಟು ಮತ್ತೆ ಹಾಕಿ.

ಇದರ ತಮ್ಮನಂಥದ್ದು ಇನ್ನೊಂದು: 'ಫೈಲ್ಸ್ ಲಿಸ್ಟ್ ಫೈಲ್... ಮಿಸ್ಸಿಂಗ್ ಫೈನಲ್ ನ್ಯೂಲೈನ್'. /ವಾರ್/ಲಿಬ್/ಡಿಪಿಕೆಜಿ/ಇನ್ಫೋ ಒಳಗೆ ಆ ಪ್ಯಾಕೇಜಿನ .ಲಿಸ್ಟ್ ಫೈಲು ಕೆಟ್ಟಿದೆ ಎಂದರ್ಥ. ಆ ಒಂದನ್ನು ಅಲ್ಲಿಂದ ಸರಿಸಿ ಪ್ಯಾಕೇಜನ್ನು ರೀಇನ್‌ಸ್ಟಾಲ್ ಮಾಡಿದರೆ ಸರಿಹೋಗುತ್ತದೆ. ಅಂಥವು ನಾಲ್ಕೈದು ಇದ್ದರೆ ಒಂದೊಂದಾಗಿ ಮಾಡಿ.

ಕಚೇರಿಗಳಲ್ಲಿ ಕಾಡುವುದು ಪ್ರಿಂಟರ್ ಡ್ರೈವರ್. ಯಾರೋ ಎಲ್ಲಿಂದಲೋ ಡೆಬ್ ಫೈಲ್ (ಉಬುಂಟು ಪ್ಯಾಕೇಜಿನ ಫೈಲ್) ಇಳಿಸಿ ಡಬಲ್ ಕ್ಲಿಕ್ ಮಾಡಿರುತ್ತಾರೆ. ಅದರೊಳಗಿನ ಸ್ಕ್ರಿಪ್ಟ್, ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲದ ಯಾವುದೋ ಸರ್ವಿಸನ್ನು ನಿಲ್ಲಿಸಲು ಹೋಗಿ ಸೋಲುತ್ತದೆ. ತೆಗೆಯಲೂ ಆಗದು, ಹಾಕಲೂ ಆಗದು, ಬೇರೆ ಪ್ಯಾಕೇಜುಗಳಿಗೂ ದಾರಿ ಬಿಡದು. ಆಗ ಅದೇ ಇನ್ಫೋ ಫೋಲ್ಡರಿನಲ್ಲಿ ಆ ಹೆಸರಿನ .ಪ್ರಿಆರ್‌ಎಂ ಫೈಲನ್ನು (ತೆಗೆಯುವ ಮುಂಚೆ ಓಡುವ ಸ್ಕ್ರಿಪ್ಟ್) ಸುಡೊ ನ್ಯಾನೊ ಎಂಬ ಎಡಿಟರಿನಲ್ಲಿ ತೆರೆಯಿರಿ. ಮೊದಲ ಸಾಲು ಹಾಗೇ ಇರಲಿ, ಎರಡನೆಯ ಸಾಲಿನಲ್ಲಿ 'ಎಕ್ಸಿಟ್ 0' ಎಂದು ಬರೆದು ಉಳಿಸಿ. ಸೋಲುತ್ತಿರುವುದು ತೆಗೆದ ಮೇಲೆ ಓಡುವ .ಪೋಸ್ಟ್‌ಆರ್‌ಎಂ ಆದರೆ ಅದಕ್ಕೂ ಹೀಗೆಯೇ. ಆಮೇಲೆ ಡಿಪಿಕೆಜಿ --ರಿಮೂವ್. ಆಗಲೂ 'ವೆರಿ ಬ್ಯಾಡ್ ಇನ್‌ಕನ್ಸಿಸ್ಟೆಂಟ್ ಸ್ಟೇಟ್' ಎಂದು ತಕರಾರು ತೆಗೆದರೆ ಮಾತ್ರ --ಫೋರ್ಸ್-ರಿಮೂವ್-ರೀಇನ್‌ಸ್ಟ್‌ರೆಕ್ ಸೇರಿಸಿ. ಹೊರಗಿನ ಡ್ರೈವರಿಗೆ ಈ ಒರಟುತನ ನಡೆಯುತ್ತದೆ. ಓಎಸ್‌ಗೇ ಆಧಾರವಾದ ಲಿಬ್‌ಸಿ, ಪೈಥಾನ್ ಮೇಲೆ ಪ್ರಯೋಗಿಸಿದರೆ ಡೆಸ್ಕ್‌ಟಾಪೇ ಉಳಿಯದು.

ಹಳೆಯ ಲ್ಯಾಬ್ ಕಂಪ್ಯೂಟರುಗಳಲ್ಲಿ 'ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್' ಎಂದು ಬಂದರೆ ಗಡಿಯಾರ ನೋಡಿ. ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದು ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ. ನಾಣ್ಯದಂಥ ಆ ಸೆಲ್ ಬದಲಿಸಿ ತಾರೀಖು ಸರಿಪಡಿಸಿದರೆ ಆಪ್ಟ್ ತೆಪ್ಪಗಾಗುತ್ತದೆ.

ಫಿಕ್ಸ್-ಬ್ರೋಕನ್ ಕೊಟ್ಟಾಗ 'ತೆಗೆಯಲಾಗುವ ಪ್ಯಾಕೇಜುಗಳು' ಎಂಬ ಪಟ್ಟಿಯನ್ನು ಓದದೆ ವೈ ಒತ್ತಬೇಡಿ. 2021ರಲ್ಲಿ ಉಬುಂಟು ಆಧಾರಿತ ಪಾಪ್ ಓಎಸ್‌ನಲ್ಲಿ ಸ್ಟೀಮ್ ಎಂಬ ಗೇಮ್ ಆ್ಯಪ್ ಹಾಕಲು ಹೋದ ಒಬ್ಬ ಹೆಸರಾಂತ ಯೂಟ್ಯೂಬರ್ ಎಚ್ಚರಿಕೆಯನ್ನು ದಾಟಿ 'ಯೆಸ್, ಡೂ ಆ್ಯಸ್ ಐ ಸೇ' ಎಂದು ಪೂರ್ತಿ ಟೈಪ್ ಮಾಡಿದ. ಡೆಸ್ಕ್‌ಟಾಪೇ ಹೋಯಿತು, ಅದೂ ಕ್ಯಾಮೆರಾ ಮುಂದೆ. ಪಟ್ಟಿಯಲ್ಲಿ 'ಉಬುಂಟು-ಡೆಸ್ಕ್‌ಟಾಪ್' ಕಂಡರೆ ಎನ್ ಒತ್ತಿ, ನನಗೆ ಫೋನ್ ಮಾಡಿ.

ಎಲ್ಲ ಆದ ಮೇಲೆ 'ಡಿಪಿಕೆಜಿ --ಆಡಿಟ್' ಕೊಡಿ. ಏನನ್ನೂ ಹೇಳದೆ ಸುಮ್ಮನಿದ್ದರೆ ಅರ್ಧಕ್ಕೆ ನಿಂತ ಪ್ಯಾಕೇಜು ಯಾವುದೂ ಉಳಿದಿಲ್ಲ. ಆಮೇಲೆ ಆಪ್ಟ್ ಅಪ್‌ಡೇಟ್, ಆಪ್ಟ್ ಅಪ್‌ಗ್ರೇಡ್ ಮಾಡಿ, ಯುಪಿಎಸ್ ಬ್ಯಾಟರಿ ಹಾಕಿಸಿಕೊಂಡ ಮೇಲೆ.