ನೀಲಿ ದಾಳ, ಅಜ್ಜಿಯ ಚೆನ್ನೆಮಣೆ

ನಮ್ಮ ಆಟದಲ್ಲಿ ಎಲ್ಲಕ್ಕಿಂತ ಮೊದಲಿನ ಕಟ್ಟುನಿಟ್ಟು: ಇನ್ನೊಬ್ಬರ ದಾಳ ಮುಟ್ಟಬಾರದು. ಜಾರಿ ಕೆಳಗೆ ಬಿದ್ದರೂ ಅಷ್ಟೇ, ಉರುಳಿ ಮಂಚದಡಿ ಹೋದರೂ ಅಷ್ಟೇ. ಯಾರ ದಾಳವೋ ಅವರೇ ಬಗ್ಗಿ ಹೆಕ್ಕಿಕೊಳ್ಳಬೇಕು.

ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಆರು ವರ್ಷದಿಂದ, ಭಾನುವಾರದ ಊಟ ಮುಗಿದ ಮೇಲೆ, ಮಾತಿನಲ್ಲೇ ಕಥೆ ಕಟ್ಟುತ್ತ ದಾಳ ಉರುಳಿಸಿ ಆಡುವ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಕಥೆ ನಡೆಸುವ ಡಿಎಂ ನಾನು. ಆಡುವವರು ನಾಲ್ವರು: ನನ್ನ ತಂಗಿ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಗೆಳತಿ, ಮಣಿಪಾಲದಲ್ಲಿ ಓದುವ ಒಬ್ಬ ಹುಡುಗ, ಮಲ್ಪೆಯಿಂದ ಬೈಕಿನಲ್ಲಿ ಬರುವ ಅಣ್ಣ. ಒಬ್ಬೊಬ್ಬರದು ಒಂದೊಂದು ಪಾತ್ರ. ಗೋಡೆ ಹಾರಿದಳೋ ಬಿದ್ದಳೋ, ಬಾಣ ತಾಗಿತೋ ತಪ್ಪಿತೋ, ಎಲ್ಲವನ್ನೂ ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ, ಡಿ20. 20 ಬಿದ್ದರೆ ಏಟು ಗ್ಯಾರಂಟಿ, ಪೆಟ್ಟೂ ಜೋರು. 1 ಬಿದ್ದರೆ ತಪ್ಪಿತೆಂದೇ ಲೆಕ್ಕ.

ಒಂದು ಸೆಟ್ಟಿನಲ್ಲಿ ಏಳು ದಾಳ. ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖದ್ದು ಒಂದೊಂದು, ಹತ್ತು ಮುಖದ್ದು ಎರಡು. ಅಜ್ಜಿಯ ಚೆನ್ನೆಮಣೆಯಲ್ಲಿ ಸಾಲಿಗೆ ಏಳು ಗುಳಿ. ಒಂದು ದಿನ ತಂಗಿ ಸುಮ್ಮನೆ ತನ್ನ ದಾಳಗಳನ್ನು ಗುಳಿಗೊಂದರಂತೆ ಇಟ್ಟು ನೋಡಿದಳು. ಅಳತೆ ತೆಗೆದು ಮಾಡಿಸಿದ ಹಾಗೆ ಕೂತವು. ಅವತ್ತಿನಿಂದ ಆ ಮಣೆ ನಮ್ಮ ಆಟದ ನಡುವೆ ಉಂಟು.

ಅಜ್ಜಿಯ ಮನೆ ಹಿರಿಯಡ್ಕದ ಹತ್ತಿರ. ಆಟಿಯ ಮಳೆಗೆ ಅಂಗಳಕ್ಕೂ ಇಳಿಯಲಾಗದ ದಿನಗಳಲ್ಲಿ ಮಣೆ ಅಟ್ಟದಿಂದ ಕೆಳಗೆ ಬರುತ್ತಿತ್ತು, ಜೊತೆಗೆ ಗುಳಿಗೆ ಹಾಕಿ ಆಡುವ ಕೆಂಪು ಬೀಜ, ಒಂದು ಡಬ್ಬಿ ಮಂಜೊಟ್ಟಿ ಕಾಯಿ. ಆದರೆ ನಾನೂ ತಂಗಿಯೂ ಒಟ್ಟಿಗೆ ಆಡುವ ಹಾಗಿರಲಿಲ್ಲ. ಅಕ್ಕ ತಂಗಿ ಎದುರುಬದುರು ಕೂತು ಚೆನ್ನೆ ಆಡಬಾರದು. ತುಳುವಿನ ಹಾಡುಗತೆ ಸಿರಿ ಪಾಡ್ದನದ ಅಬ್ಬಗ ದಾರಗರ ಕಥೆ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಒಂದೇ ಬಸಿರಲ್ಲಿ ಹುಟ್ಟಿದ ಆ ಇಬ್ಬರು ಚೆನ್ನೆ ಆಡುತ್ತ ಜಗಳಕ್ಕೆ ಬಿದ್ದು, ಅಬ್ಬಗ ಮಣೆಯಿಂದಲೇ ದಾರಗಳಿಗೆ ಹೊಡೆದಳು. ಕೊನೆಗೆ ಇಬ್ಬರೂ ಉಳಿಯಲಿಲ್ಲ. ಮಣೆಯನ್ನು ದಾಳ ಇಡಲು ಕೇಳಿದಾಗ ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ಕೊಂಡೋಗಿ ಮಕ್ಳೇ. ಆದ್ರೆ ಅದನ್ನು ನಡುವೆ ಇಟ್ಟು ನೀವಿಬ್ರು ಎದುರೆದುರು ಕೂರ್ಬೇಡಿ." ಹಾಗಾಗಿ ಇವತ್ತಿಗೂ ತಂಗಿ ನನ್ನ ಬಲಗಡೆಯೇ ಕೂರುವುದು. ಅವಳಿಗೆ ನನ್ನ ಟಿಪ್ಪಣಿ ಕಾಣಬಾರದೆಂದು ನಡುವೆ ಒಂದು ಹಳೆಯ ಕ್ಯಾಲೆಂಡರ್ ನಿಲ್ಲಿಸುತ್ತೇನೆ.

ಉಳಿದವರದ್ದು ಅವರವರ ಕ್ರಮ. ಮಣಿಪಾಲದ ಹುಡುಗ ಆಟ ಶುರುವಾಗುವ ಮೊದಲು ಹತ್ತು ನಿಮಿಷ ದಾಳ ಉರುಳಿಸುತ್ತಲೇ ಇರುತ್ತಾನೆ. 1 ಬಿದ್ದರೆ ಅವನಿಗೆ ಖುಷಿ, ಒಳಗಿದ್ದ ಕೆಟ್ಟದ್ದು ಹೊರಗೆ ಹೋಯಿತು ಎಂದು. ಗಣಿತದ ಗೆಳತಿ ಎಷ್ಟೋ ಸಲ ಹೇಳಿದ್ದಾಳೆ, "ದಾಳಕ್ಕೆ ನೆನಪು ಅಂತ ಇಲ್ಲ ಮಾರಾಯ. ಈಗ ಒಂದು ಬಿದ್ರೂ ಮುಂದಿನ ಸಲಕ್ಕೆ ಪುನಃ ಇಪ್ಪತ್ತರಲ್ಲಿ ಒಂದೇ." ಅವನು, "ಗೊತ್ತುಂಟು ಅಕ್ಕ. ಆದ್ರೂ ಇರ್ಲಿ." ಹೇಳುವ ಗೆಳತಿಯೂ ತನ್ನ ದಾಳಗಳನ್ನು ವಾರವಿಡೀ ದೊಡ್ಡ ಸಂಖ್ಯೆ ಮೇಲೆ ಮಾಡಿ ಹತ್ತಿಯ ಮೇಲೆ ಮಲಗಿಸಿ ಇಡುತ್ತಾಳೆ. ಮಲ್ಪೆಯ ಅಣ್ಣ ಉರುಳಿಸುವ ಮೊದಲು, ಬೋಣಿ ದುಡ್ಡನ್ನು ಕಣ್ಣಿಗೊತ್ತಿಕೊಳ್ಳುವ ಹಾಗೆ, ದಾಳವನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಕುಕ್ಕುಟ ಪಂಚಾಂಗ ನೋಡಿ ಯಾವ ದಿನ ಯಾವ ಬಣ್ಣದ ಹುಂಜ ಗೆಲ್ಲುತ್ತದೆಂದು ಹೇಳುವವರಿರುವ ಊರು ನಮ್ಮದು. ದಾಳಕ್ಕೆ ಬಣ್ಣ ನೋಡುವುದನ್ನು ನಮಗೆ ಹೊರಗಿನವರು ಬಂದು ಕಲಿಸಬೇಕಾಗಿರಲಿಲ್ಲ.

ಕೈಕೊಟ್ಟ ದಾಳಕ್ಕೆ ಜೈಲೂ ಉಂಟು. ಈ ಆಟ ಆಡುವವರು ಬಹಳ ಕಡೆ ಡೈಸ್ ಜೈಲು ಇಟ್ಟುಕೊಳ್ಳುತ್ತಾರೆ. ಕೆಲವರದ್ದು ಸರಳು ಹಾಕಿದ ಪುಟ್ಟ ಪಂಜರ. ನಮ್ಮದು ಮಿಡಿ ಉಪ್ಪಿನಕಾಯಿಯ ಚಿಕ್ಕ ಭರಣಿ. ಎಷ್ಟು ತೊಳೆದರೂ ಅದರ ಸಾಸಿವೆ ವಾಸನೆ ಹೋಗುವುದಿಲ್ಲ. ಒಂದು ವಾರ ಒಳಗಿದ್ದು ಬಂದ ದಾಳವನ್ನು ಕಣ್ಣು ಮುಚ್ಚಿಕೊಂಡು ಗುರುತಿಸಬಹುದು.

20ಕ್ಕೆ ನಾವು ಕೃತ ಅನ್ನುತ್ತೇವೆ, 1ಕ್ಕೆ ಕಲಿ. ಇದನ್ನು ಶುರು ಮಾಡಿದವಳು ನಾನು. ನಾಲ್ಕು ಯುಗಗಳ ಹೆಸರು ಹಳೆಯ ಜೂಜಿನ ಎಸೆತಗಳ ಹೆಸರೂ ಹೌದು: ಎಸೆದ ಕಾಯಿಗಳ ಎಣಿಕೆ ನಾಲ್ಕರಿಂದ ಸರಿಯಾಗಿ ಭಾಗವಾದರೆ ಕೃತ, ಒಂದು ಉಳಿದರೆ ಕಲಿ. ಆಗಿನ ದಾಳ ತಾರೆಕಾಯಿ. ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತದಲ್ಲಿ ಮನೆ, ಹೆಂಡತಿ ಎಲ್ಲ ಕಳೆದುಕೊಂಡ ಜೂಜುಗಾರ ಅಳುವುದೂ ಅದೇ ಕಾಯಿಯ ಎದುರು. ನಾವು ದುಡ್ಡು ಇಟ್ಟು ಆಡುವವರಲ್ಲ, ಆದರೂ ಆ ಸೂಕ್ತ ಓದಿದಾಗ ನನಗೆ ಮೈ ಜುಮ್ಮೆಂದಿತು. ಕೈಯಲ್ಲಿ ತಣ್ಣಗಿರುವ ದಾಳ ಎದೆಯನ್ನು ಸುಡುತ್ತದೆ ಎನ್ನುತ್ತಾನೆ ಅವನು. ಆ ಸುಡುವುದನ್ನು ನಾನು ಪ್ರತಿ ಭಾನುವಾರ ತಂಗಿಯ ಮುಖದಲ್ಲಿ ನೋಡುತ್ತೇನೆ.

ತಂಗಿಯ ನೀಲಿ ದಾಳದ ವಿಷಯಕ್ಕೆ ಬರುತ್ತೇನೆ.

ಕಾಲೇಜಿನ ದಿನಗಳಲ್ಲಿ ಬೆಂಗಳೂರಿನಿಂದ ತಂದ ಅಗ್ಗದ ಸೆಟ್ಟಿನದ್ದು ಅದು. ಸಂಖ್ಯೆಗಳ ಬಣ್ಣ ಬೇಗನೆ ಹೋಯಿತು, ಅವಳು ಬಿಳಿ ಕ್ರೇಯಾನ್ ತಿಕ್ಕಿ ಪುನಃ ತುಂಬಿದಳು. ಈ ಆಟ ಮೊದಲು ಅಚ್ಚಾದದ್ದು 1974ರಲ್ಲಿ. 1980ರ ದಶಕದ ಶುರುವಿನಲ್ಲೂ ಪೆಟ್ಟಿಗೆಯೊಳಗೆ ಸಂಖ್ಯೆಗೆ ಬಣ್ಣ ತುಂಬದ ದಾಳ ಮತ್ತು ಒಂದು ಕ್ರೇಯಾನ್ ಬರುತ್ತಿತ್ತು, ಆಡುವವರೇ ಸಂಖ್ಯೆ ತುಂಬಿಕೊಳ್ಳಬೇಕಿತ್ತು. ಅದನ್ನು ಹೇಳಿದ ಮೇಲೆ ಅವಳಿಗೆ ಆ ದಾಳದ ಮೇಲಿನ ಪ್ರೀತಿ ಇನ್ನಷ್ಟು ಹೆಚ್ಚಾಯಿತು.

ಮೂರು ವರ್ಷದ ಹಿಂದೆ, ಜುಲೈ ತಿಂಗಳ ಒಂದು ಸಂಜೆ, ಅವಳ ಕಳ್ಳಿ ಪಾತ್ರ ಒಂದು ಬಾವಿಯ ತಳದಲ್ಲಿ ಸಾಯುತ್ತಾ ಬಿದ್ದಿತ್ತು. ನಾವು ಆಡುವ ಐದನೇ ಆವೃತ್ತಿಯಲ್ಲಿ ಹಿಟ್ ಪಾಯಿಂಟ್, ಅಂದರೆ ಪಾತ್ರದ ಜೀವದ ಅಂಕ, ಸೊನ್ನೆಗಿಳಿದವರು ತಮ್ಮ ಸರದಿ ಬಂದಾಗಲೆಲ್ಲ ಡಿ20 ಉರುಳಿಸಬೇಕು. 10 ಅಥವಾ ಹೆಚ್ಚು ಬಿದ್ದರೆ ಒಂದು ಗೆಲುವು, ಕಡಿಮೆಯಾದರೆ ಒಂದು ಸೋಲು (1 ಬಿದ್ದರೆ ಎರಡು), ಮೂರು ಸೋಲಾದರೆ ಸಾವು. 20 ಬಿದ್ದರೆ ಮಾತ್ರ ಒಂದು ಪಾಯಿಂಟ್ ಮರಳಿ ಬಂದು ಅಲ್ಲೇ ಕಣ್ಣು ಬಿಡುತ್ತಾರೆ. ಅವಳಿಗೆ ಆಗಲೇ ಎರಡು ಸೋಲಾಗಿತ್ತು. ಕರೆಂಟು ಹೋಗಿ ಎಮರ್ಜೆನ್ಸಿ ಲ್ಯಾಂಪಿನ ಬೆಳಕು. ನೀಲಿ ದಾಳ ಮಣೆಯ ಅಂಚಿಗೆ ಬಡಿದು, ಒಂದು ಸುತ್ತು ಹೊಡೆದು ನಿಂತಿತು. ಕ್ರೇಯಾನಿನ ಬಿಳಿಯಲ್ಲಿ 20. ಮಲ್ಪೆಯ ಅಣ್ಣ ಕೂಗಿದ್ದಕ್ಕೆ ಪಕ್ಕದ ಮನೆಯವರು ಟಾರ್ಚ್ ಹಿಡಿದು ಓಡಿಬಂದರು.

ಅಲ್ಲಿಂದ ಮುಂದೆ ಅದು ಬರಿ ದಾಳವಲ್ಲ. ಆಯುಧ ಪೂಜೆಯ ದಿನ ಅಪ್ಪನ ಸ್ಪಾನರು, ಅಮ್ಮನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲಿ ಅದಕ್ಕೂ ಒಂದು ಸೇವಂತಿಗೆ ಬಿತ್ತು. ದೊಡ್ಡ ಕಾಳಗಕ್ಕೆ ಮಾತ್ರ ಅದನ್ನು ಗುಳಿಯಿಂದ ತೆಗೆಯುತ್ತಿದ್ದಳು.

ತೆಗೆದಾಗಲೆಲ್ಲ 20 ಬೀಳುವುದು ಸ್ವಲ್ಪ ಹೆಚ್ಚೇ ಅನ್ನಿಸತೊಡಗಿತು. ಮಣಿಪಾಲದ ಹುಡುಗ ಏನೂ ಹೇಳುತ್ತಿರಲಿಲ್ಲ, ಆದರೆ ಅವಳು ನೀಲಿ ದಾಳಕ್ಕೆ ಕೈ ಹಾಕಿದರೆ ತನ್ನ ದಾಳಗಳನ್ನು ಹಿಂದಕ್ಕೆ ಎಳೆದುಕೊಂಡು ಕೂರುತ್ತಿದ್ದ. ಅದನ್ನು ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಡಿಎಂ ಆದವಳು ಕಥೆಯಲ್ಲಿ ಯಾರನ್ನು ಬೇಕಾದರೂ ಕೊಲ್ಲಬಹುದು, ಆದರೆ ದಾಳ ಎಲ್ಲರಿಗೂ ಒಂದೇ ಆಗಿರುವ ಹಾಗೆ ನೋಡಿಕೊಳ್ಳಬೇಕು. ಊದುವುದು, ಮಲಗಿಸುವುದು, ಜೈಲಿಗೆ ಹಾಕುವುದು, ಇದೆಲ್ಲ ನನಗೆ ಬಹಳ ಇಷ್ಟ. ಇಷ್ಟಪಡಲು ನನಗೆ ಹಕ್ಕಿರುವುದು ದಾಳ ಸಾಚಾ ಆಗಿರುವವರೆಗೆ. ವಾಲಿದ ದಾಳ ಅಂತ ಗೊತ್ತಾದ ಮೇಲೂ ಅದನ್ನು ಅದೃಷ್ಟ ಅಂದರೆ, ಅದು ಶಕುನಿಯ ಕೆಲಸ.

ತಂಗಿಗೆ ಹೇಳಿಯೇ ಉಪ್ಪುನೀರಿನ ಪರೀಕ್ಷೆ ಮಾಡಿದೆ: ದಾಳ ತೇಲಿಸಿ, ಹಗುರಾದ ಬದಿಯೇ ಪ್ರತಿ ಸಲ ಮೇಲೆ ಬರುತ್ತದೋ ಎಂದು ನೋಡುವುದು. ಗಾಜಿನ ಲೋಟದಲ್ಲಿ ಬಿಸಿನೀರು, ಅದಕ್ಕೆ ಕಲ್ಲುಪ್ಪು. 100 ಮಿ.ಲೀ. ನೀರು ಹೆಚ್ಚೆಂದರೆ ಸುಮಾರು 36 ಗ್ರಾಂ ಉಪ್ಪು ಹಿಡಿಯುತ್ತದೆ. ಅಷ್ಟು ಕರಗಿದ ಮೇಲೂ ಕೆಲವು ದಾಳ ಮುಳುಗಿಯೇ ಇರುತ್ತವೆ, ಲೋಹದ್ದಂತೂ ತೇಲುವುದೇ ಇಲ್ಲ. ಕಲ್ಲುಪ್ಪಿನ ನೀರನ್ನು ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ದಾಳವನ್ನು ಸೋಪಿನಿಂದ ತೊಳೆಯಬೇಕು, ಇಲ್ಲದಿದ್ದರೆ ಮೈಗೆ ಅಂಟಿದ ಗಾಳಿಯ ಗುಳ್ಳೆಗಳೇ ಅದನ್ನು ತಿರುಗಿಸಿ ಮೋಸ ಮಾಡುತ್ತವೆ.

ಮೊದಲು ನನ್ನ ಹಸಿರು ದಾಳ ಹಾಕಿದೆ. ಬೆರಳಿನಿಂದ ತಿರುವಿ ಬಿಟ್ಟಾಗಲೆಲ್ಲ ಬೇರೆ ಬೇರೆ ಮುಖ ಮೇಲೆ ಬಂತು. ಆಮೇಲೆ ನೀಲಿ. ತಿರುವಿ ಬಿಟ್ಟೆ. ಸೋಮಾರಿ ಮೀನು ಮಗ್ಗುಲು ಬದಲಿಸಿದ ಹಾಗೆ ನಿಧಾನ ತಿರುಗಿ, ಬಿಳಿ 20 ಮೇಲೆ ಬಂದು ನಿಂತಿತು. 1ನ್ನು ಮೇಲೆ ಮಾಡಿ ಬಿಟ್ಟೆ. ಪುನಃ 20. ಹತ್ತು ಸಲದಲ್ಲಿ ಒಂಬತ್ತು ಸಲ 20. ಅಚ್ಚು ಹೊಯ್ಯುವಾಗ ಆ ಬದಿಯಲ್ಲಿ ಗಾಳಿ ಸಿಕ್ಕಿಕೊಂಡು ಹಗುರಾಗಿರಬೇಕು.

ತಂಗಿ ಬಿಡಲಿಲ್ಲ. "ನೀರಲ್ಲಿ ತೇಲುದಕ್ಕೂ ಮೇಜಲ್ಲಿ ಉರುಳುದಕ್ಕೂ ಎಂತ ಸಂಬಂಧ?" ಅವಳ ಪ್ರಶ್ನೆ ಸರಿಯೇ. ಉಪ್ಪುನೀರು ವಾಲಿಕೆ ಉಂಟೆಂದು ಹೇಳುತ್ತದೆ, ಆ ವಾಲಿಕೆ ಆಟಕ್ಕೆ ತಾಗುವಷ್ಟು ದೊಡ್ಡದೋ ಎಂದು ಹೇಳುವುದಿಲ್ಲ. ನಳನ ಕಥೆಯಲ್ಲಿ ಋತುಪರ್ಣ ತಾರೆಮರವನ್ನು ಒಮ್ಮೆ ನೋಡಿ ಎಲೆ, ಕಾಯಿಯ ಲೆಕ್ಕ ಹೇಳುತ್ತಾನೆ. ನಳ ಹಾಗೇ ಒಪ್ಪುವುದಿಲ್ಲ. ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡುತ್ತಾನೆ. ಆ ಮೇಲೆಯೇ ಅವನಿಗೆ ದಾಳದ ಗುಟ್ಟಾದ ಅಕ್ಷಹೃದಯ ಸಿಕ್ಕಿ, ಕಲಿ ಅವನ ಮೈ ಬಿಟ್ಟು ಹೋದದ್ದು. ನಾವೂ ಎಣಿಸಬೇಕಿತ್ತು.

500 ಸಲ ಉರುಳಿಸಬೇಕೆಂದು ಗಣಿತದ ಗೆಳತಿ ಹೇಳಿದಳು. ಆಗ ಪ್ರತಿ ಸಂಖ್ಯೆಯೂ 25ರ ಹತ್ತಿರ ಬೀಳಬೇಕು. ಒಂದೊಂದಕ್ಕೂ 25ರಿಂದ ಎಷ್ಟು ವ್ಯತ್ಯಾಸವೋ ಅದರ ವರ್ಗ ಮಾಡಿ 25ರಿಂದ ಭಾಗಿಸಿ, ಇಪ್ಪತ್ತನ್ನೂ ಕೂಡಿಸಬೇಕು. ಮೊತ್ತ 30.14 ದಾಟಿದರೆ ದಾಳವನ್ನು ಅನುಮಾನಿಸಬಹುದು. ಒಳ್ಳೆಯ ದಾಳ ಅಷ್ಟು ದಾಟುವುದು ನೂರರಲ್ಲಿ ಐದು ಸಲ ಮಾತ್ರ. ನಾಲ್ಕು ರಾತ್ರಿ ಕೂತೆವು. ತಂಗಿ ಉರುಳಿಸಿದಳು, ನಾನು ಗೆರೆ ಹಾಕಿದೆ. ಇನ್ನೂರರ ಹತ್ತಿರ ಬಂದಾಗ ಅವಳು ಸಂಖ್ಯೆಯನ್ನು ಜೋರಾಗಿ ಹೇಳುವುದು ನಿಲ್ಲಿಸಿ ಬರಿ ಬೆರಳು ತೋರಿಸತೊಡಗಿದಳು.

20 ಬಿದ್ದದ್ದು 41 ಸಲ. 1 ಬಿದ್ದದ್ದು 12 ಸಲ. ಡಿ20ಯಲ್ಲಿ 20ಕ್ಕೆ ತಾಗಿಕೊಂಡಿರುವ ಮುಖಗಳು 2, 8 ಮತ್ತು 14. ಅವೂ ಹೆಚ್ಚು ಬಿದ್ದಿದ್ದವು. ಮೊತ್ತ 46.

ಅವಳು ಪುಸ್ತಕ ಮುಚ್ಚಿ ಕೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಉಂಟು. "ಹಾಗಾದ್ರೆ ಅವತ್ತು ಬಾವಿಯಲ್ಲಿ ನನ್ನವಳು ಬದುಕಿದ್ದು ಸುಳ್ಳಾ ಅಕ್ಕ?"

ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಎರಡು ದಿನ ಅವಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಬನ್ಸ್ ಕಾಯಿಸುತ್ತಾ ಹೇಳಿದೆ: 500ರಲ್ಲಿ 41 ಅಂದರೆ ನೂರಕ್ಕೆ ಎಂಟು. ಅಷ್ಟು ವಾಲಿದ ದಾಳದಲ್ಲೂ ನೂರಕ್ಕೆ ತೊಂಬತ್ತೆರಡು ಸಲ ಆ 20 ಬೀಳುತ್ತಿರಲಿಲ್ಲ. ಅವತ್ತು ಬಿತ್ತು. ನಮಗೆ ಯಾರಿಗೂ ವಾಲಿಕೆ ಗೊತ್ತಿರಲಿಲ್ಲ, ಮೋಸ ಮಾಡಿದವರು ಯಾರೂ ಇಲ್ಲ. ಬದುಕಿದ್ದು ಬದುಕಿದ್ದೇ. ಆದರೆ ಈಗ ಗೊತ್ತಾಗಿದೆ, ಇನ್ನು ಉರುಳಿಸಿದರೆ ಮಾತ್ರ ಅದು ಬೇರೆ.

ಅವಳು ಒಂದು ಬನ್ಸ್ ತಿಂದು ಮುಗಿಸಿ, "ಭರಣಿಗೆ ಹಾಕುದು ಬೇಡ," ಅಂದಳು. "ಅದು ತಪ್ಪು ಮಾಡ್ಲಿಲ್ಲ."

ಈಗ ನೀಲಿ ದಾಳ ಮಣೆಯ ಬಲತುದಿಯ ಗುಳಿಯಲ್ಲಿ ಉಂಟು, ಜೊತೆಗೆ ಒಂದು ಮಂಜೊಟ್ಟಿ ಕಾಯಿ. ಅದನ್ನು ಯಾರೂ ಉರುಳಿಸುವುದಿಲ್ಲ. ಮುಖ್ಯ ಹೊತ್ತಿನಲ್ಲಿ ತಂಗಿ ಅದನ್ನು ಬೆರಳ ತುದಿಯಿಂದ ಮುಟ್ಟಿ, ಆಮೇಲೆ ಹೊಸ ದಾಳ ಎತ್ತಿಕೊಳ್ಳುತ್ತಾಳೆ. ಈಚೆಗೆ ಮಣಿಪಾಲದ ಹುಡುಗನೂ ಅವಳನ್ನು ಕೇಳಿ ಮುಟ್ಟುತ್ತಾನೆ. ನಮ್ಮ ಮೊದಲ ಕಟ್ಟುನಿಟ್ಟಿಗೆ ವಿನಾಯಿತಿ ಇರುವುದು ಆ ಒಂದು ದಾಳಕ್ಕೆ. ಹೊಸ ದಾಳ ಯಾರು ತಂದರೂ ಮೊದಲು ಉಪ್ಪುನೀರು, ಅಲ್ಲಿ ಒಂದೇ ಮುಖ ಹಟ ಹಿಡಿದರೆ 500 ಸಲದ ಎಣಿಕೆ. ಅದಾದ ಮೇಲೆ ಊದಲಿ, ಕಣ್ಣಿಗೊತ್ತಿಕೊಳ್ಳಲಿ, ಹೂವಿಡಲಿ.

ತಂಗಿಯ ಹೊಸ ದಾಳ ಕೆಂಪು. ಉಪ್ಪುನೀರಿನಲ್ಲಿ ಪಾಸಾಗಿತ್ತು, ಆದರೂ ಹಟ ಹಿಡಿದು 500 ಸಲ ಎಣಿಸಿದಳು, ಮೊತ್ತ 17. ಅದರ ಮೊದಲ ಆಟದ ದಿನ ಅವಳು ನೀಲಿಯನ್ನು ಮುಟ್ಟಿ, ಕೆಂಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಉಸಿರು ಬಿಗಿಹಿಡಿದು ಉರುಳಿಸಿದಳು. 1 ಬಿತ್ತು. "ಕಲಿ!" ಎಂದು ಎಲ್ಲರೂ ಒಟ್ಟಿಗೆ ಕೂಗಿದೆವು. ಅವಳು ತಾನೇ ಎದ್ದು ಹೋಗಿ ಭರಣಿಯ ಮುಚ್ಚಳ ತೆಗೆದಳು, ಸಾಸಿವೆ ವಾಸನೆ ಜಗಲಿಯ ತನಕ ಬಂತು.