‘ಪರವಾಗಿಲ್ಲ’ ಅನ್ನುವ ಮೊದಲು

ಕೀಲುಗಳು ಊದಿ ಬಿಗಿಯುವ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕಾಯಿಲೆಯ ಜೊತೆ ನನ್ನದು 11 ವರ್ಷದ ಸಂಸಾರ. ಬೆಳಿಗ್ಗೆ ಬೆರಳು ಮಡಚೋಕೆ ಒಂದೂವರೆ ಗಂಟೆ ಬೇಕು. ಮಧ್ಯಾಹ್ನ ನೋಡಿದವರು ‘ಚೆನ್ನಾಗೇ ಇದ್ದೀರಲ್ಲ’ ಅಂತಾರೆ. ಡಾಕ್ಟರು ‘ಹೇಗಿದ್ದೀರಿ’ ಎಂದಾಗಲೆಲ್ಲ ನಾನೂ ‘ಪರವಾಗಿಲ್ಲ’ ಅಂದುಬಿಡುತ್ತಿದ್ದೆ. ಅದು ಫೈಲಿನಲ್ಲಿ ‘ಸ್ಥಿರವಾಗಿದ್ದಾರೆ’ ಎಂದು ದಾಖಲಾಗುತ್ತಾ ಹೋಯಿತು. ಕೊನೆಗೆ ಲೆಕ್ಕ ಬರೆಯುವ ಕೆಲಸ ಕೈಲಾಗದೆ, ದುಡಿಯಲಾಗದಾಗ ಹಣ ಕೊಡುವ ಅಂಗವೈಕಲ್ಯ ವಿಮೆಯ ಪರಿಹಾರ ಕೇಳಿದರೆ, ಆ ಸಾಲುಗಳನ್ನೇ ತೋರಿಸಿ ಅರ್ಜಿ ವಾಪಸ್ ಕಳಿಸಿದರು.

ಆದ್ದರಿಂದ ಹಣಕ್ಕಿಂತ ಮೊದಲು ಒಂದು ನೋಟ್‌ಬುಕ್ ಇಡಿ. ಪರಿಹಾರ ಸಿಗುವುದು ಕಾಯಿಲೆಯ ಹೆಸರಿಗಲ್ಲ, ಆ ಕಾಯಿಲೆಯಿಂದ ಏನು ಮಾಡಲಾಗುತ್ತಿಲ್ಲ ಅನ್ನುವುದಕ್ಕೆ. ‘ಇವತ್ತು ನೋವು’ ಎಂದು ಬರೆದರೆ ಉಪಯೋಗವಿಲ್ಲ. ‘20 ನಿಮಿಷ ಟೈಪ್ ಮಾಡಿ ನಿಲ್ಲಿಸಿದೆ, ಬಾಟಲಿಯ ಮುಚ್ಚಳ ತಂಗಿ ತೆಗೆದುಕೊಟ್ಟಳು’ ಅಂತ ಬರೆಯಿರಿ. ಔಷಧಿಯ ಕಾಟವೂ ಲೆಕ್ಕಕ್ಕೆ ಬರುತ್ತದೆ. ನಾನು ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ತಗೊಂಡ ಮರುದಿನ ಎದ್ದು ಕೂರಲಾಗುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳಿಯೇ ಇರಲಿಲ್ಲ. ಒಳ್ಳೆಯ ದಿನಗಳನ್ನೂ ಬರೆಯಿರಿ, ಇಲ್ಲದಿದ್ದರೆ ಕೆಟ್ಟ ದಿನಗಳನ್ನು ಯಾರೂ ನಂಬುವುದಿಲ್ಲ. ಪ್ರತಿ ಭೇಟಿಯಲ್ಲೂ ಒಂದು ಪುಟ ಡಾಕ್ಟರಿಗೆ ಓದಿ ಹೇಳಿ, ಫೈಲಿಗೆ ಸೇರಿಸಲು ಕೇಳಿ. ಎರಡನೇ ಸಲ ನನ್ನ ಅರ್ಜಿ ದಾಟಿದ್ದು ಹೀಗೆ. ಅದಕ್ಕೂ ಏಳು ತಿಂಗಳು ಹಿಡಿಯಿತು.

ಇನ್ನು ಪಾಲಿಸಿ. ‘ಅಂಗವೈಕಲ್ಯ’ ಅಂದರೆ ಏನು ಎಂದು ಅದರಲ್ಲಿ ಬರೆದಿರುವ ಸಾಲನ್ನು ಹುಡುಕಿ, ನಿಧಾನವಾಗಿ ಓದಿ. ‘ನಿಮ್ಮ ಈಗಿನ ಉದ್ಯೋಗ ಮಾಡಲಾಗದಿದ್ದರೆ’ ಎನ್ನುವುದಕ್ಕೂ ‘ಯಾವ ಉದ್ಯೋಗವನ್ನೂ ಮಾಡಲಾಗದಿದ್ದರೆ’ ಎನ್ನುವುದಕ್ಕೂ ಅಜಗಜಾಂತರ. ಕೆಲವು ಪಾಲಿಸಿಗಳು 2 ವರ್ಷ ಮೊದಲನೆಯದರಂತೆ ಕೊಟ್ಟು, ಆಮೇಲೆ ಎರಡನೆಯದಕ್ಕೆ ಜಾರಿಕೊಳ್ಳುತ್ತವೆ. ಅರ್ಧ ದಿನ ಮಾತ್ರ ದುಡಿಯಬಲ್ಲವರಿಗೆ ಏನಾದರೂ ಸಿಗುತ್ತದೆಯೇ ಅನ್ನುವುದನ್ನೂ ನೋಡಿ; ನಮ್ಮಂಥ ಕಾಯಿಲೆಯವರು ಹೆಚ್ಚು ವರ್ಷ ಕಳೆಯುವುದು ಆ ಅರ್ಧದಲ್ಲೇ. ಕಾಯಿಲೆ ಗೊತ್ತಾದ ಮೇಲೆ ಸ್ವಂತ ಪಾಲಿಸಿ ಸಿಗುವುದು ಕಷ್ಟ. ಹಾಗಂತ ಮುಚ್ಚಿಟ್ಟು ಮಾಡಿಸಬೇಡಿ, ಗೊತ್ತಾದ ದಿನ ಕಟ್ಟಿದ್ದೆಲ್ಲ ನೀರಿಗೆ ಹೋದೀತು. ಉದ್ಯೋಗದಾತರ ಗುಂಪು ವಿಮೆಯಲ್ಲಿ ಆರೋಗ್ಯದ ಪ್ರಶ್ನೆಗಳು ಸಾಮಾನ್ಯವಾಗಿ ಕಡಿಮೆ. ಸೇರುವ ಅವಕಾಶ ಬಂದಾಗ ಬಿಡಬೇಡಿ.

ಒಂದು ಎಚ್ಚರಿಕೆ: ಸುಸ್ತು ಅಂತ ಕೆಲಸದ ಗಂಟೆಗಳನ್ನು ಕಡಿಮೆ ಮಾಡಿಕೊಳ್ಳುವ ಮುಂಚೆ ಆ ವಿಮೆಯ ಷರತ್ತು ಕೇಳಿ ತಿಳಿದುಕೊಳ್ಳಿ. ಎಷ್ಟೋ ಕಡೆ ಪರಿಹಾರ ಲೆಕ್ಕವಾಗುವುದು ಕೊನೆಯ ಸಂಬಳದ ಮೇಲೆ. ಸಂಬಳ ಇಳಿದರೆ ಅದೂ ಇಳಿಯುತ್ತದೆ. ನಾನು ಇದನ್ನು ಕೇಳಿದ್ದು ಗಂಟೆ ಕಡಿಮೆ ಮಾಡಿಕೊಂಡ ಮೂರನೇ ತಿಂಗಳಲ್ಲಿ.

ಪರಿಹಾರ ಶುರುವಾಗುವ ಮೊದಲು ಕಾಯುವ ಅವಧಿಯೊಂದಿರುತ್ತದೆ, ಹಲವು ಪಾಲಿಸಿಗಳಲ್ಲಿ 90 ದಿನ. ಆ ದಿನಗಳಿಗೂ, ಅರ್ಜಿ ತಿರಸ್ಕಾರವಾದರೆ ಅದರ ಮೇಲಿನ ಅಲೆದಾಟಕ್ಕೂ ಕೈಯಲ್ಲಿ ಹಣ ಬೇಕು. ಉಳಿತಾಯವನ್ನೆಲ್ಲ ನಿವೃತ್ತಿ ನಿಧಿಯಲ್ಲಿ ಬೀಗ ಹಾಕಿ ಇಡಬೇಡಿ. ತಿಂಗಳ ಖರ್ಚು ಲೆಕ್ಕ ಹಾಕುವಾಗ ಕೆಟ್ಟ ತಿಂಗಳ ಖರ್ಚನ್ನೇ ಹಿಡಿಯಿರಿ: ಬಸ್ ಹತ್ತಲಾಗದೆ ಮಾಡುವ ಗಾಡಿ, ಮನೆಗೆಲಸಕ್ಕೆ ಜನ, ಸಾಲು ಸಾಲು ರಕ್ತಪರೀಕ್ಷೆ. ಆದಾಯ ಇಳಿಯುವ ತಿಂಗಳಲ್ಲೇ ಇವೆಲ್ಲ ಏರುತ್ತವೆ.

ಮುಖ್ತಾರುನಾಮೆ, ಅಂದರೆ ನಮ್ಮ ಪರವಾಗಿ ವ್ಯವಹಾರ ನಡೆಸಲು ಇನ್ನೊಬ್ಬರಿಗೆ ಕೊಡುವ ಅಧಿಕಾರಪತ್ರ, ಮಾಡಿಸುವಾಗ ವಕೀಲರಿಗೆ ಒಂದು ಪ್ರಶ್ನೆ ಕೇಳಿ: ನನ್ನ ಬುದ್ಧಿ ಸ್ವಾಧೀನದಲ್ಲಿ ಇಲ್ಲದಾಗಲೂ ಇದು ನಡೆಯುತ್ತದೆಯೇ? ಸಾಮಾನ್ಯ ಮುಖ್ತಾರುನಾಮೆ ಅನೇಕ ದೇಶಗಳಲ್ಲಿ ಆಗಲೇ ರದ್ದಾಗುತ್ತದೆ, ಬೇಕಾದ ಹೊತ್ತಿಗೇ. ಖಾತೆ, ಪಾಲಿಸಿ, ನಾಮಿನಿಗಳ ಪಟ್ಟಿ ತಂಗಿಯ ಬಳಿಯೂ ಇದೆ.

ಕೊನೆಯದು ನನಗೆ ಹೊಳೆದೇ ಇರಲಿಲ್ಲ. ಬೆರಳು ಊದಿದಾಗ ಸಹಿ ಹೊಂದಲಿಲ್ಲ ಎಂದು ಬ್ಯಾಂಕೊಂದು ಚೆಕ್ ಹಿಂದಿರುಗಿಸಿತು. ಹೊಸ ಮಾದರಿ ಸಹಿ ಕೊಡಲು ಬೇಕೆಂದೇ ಕೈ ತೀರಾ ಕೆಟ್ಟಿದ್ದ ದಿನ ಹೋದೆ. ಎರಡು ಅಕ್ಷರ, ಒಂದು ಗೆರೆ. ಎಂಥ ದಿನವೂ ಹಾಕಬಹುದು.